ಕಲೀಚಾ ಮಾಡಿಸಿದ ಟೊಳ್ಳು ಗೋಳ

ಮೋಡ ಕಟ್ಟಿತೆಂದರೆ ಸಾಕು, ಸೈರಾಕಾನಳ ಮನೆಯಿಂದ ಪಾತ್ರೆಪಗಡವೆಲ್ಲ ಹೊರಬೀಳುತ್ತಿತ್ತು. ಮೊದಲು ಎರಕದ ಕಡಾಯಿ, ಆಮೇಲೆ ಚಹಾದ ಕೆಟಲ್ಲು, ಚಾಕು, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಕಡೆಗೆ ಬಾಗಿಲಿನ ಬೀಗ ಕೂಡ. ಹೊತ್ತು ಹಾಕುವ ಕೆಲಸ ಮಕ್ಕಳಿಬ್ಬರದು: ದೊಡ್ಡವಳು ಕಲೀಚಾ, ಚಿಕ್ಕವನು ಮುಕಾಷ್. ಅಂಗಳ ದಾಟಿ, ಕಾಲುವೆಯಾಚೆ ರಾಶಿ ಹಾಕಿ, ಮೊದಲ ಹನಿ ಬೀಳುವಷ್ಟರಲ್ಲಿ ಓಡಿ ಬರಬೇಕು. ನೆರೆಹೊರೆಯವರಿಗೆ ಅದೊಂದು ತಮಾಷೆ.

"ಏನೇ ಸೈರಾಕಾನ್, ಮತ್ತೆ ಗುಳೆ ಹೊರಟ್ಯಾ? ಈ ಸಲ ಯಾವೂರಿಗೆ?" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದರು.

ಸೈರಾಕಾನ್ ಮಕ್ಕಳನ್ನು ಒಳಗೆಳೆದುಕೊಂಡು, ಉಣ್ಣೆಯ ದಪ್ಪ ಕಂಬಳಿ ತಲೆತುಂಬ ಹೊದಿಸಿ, ಗುಡುಗು ಬೆಟ್ಟ ದಾಟಿಹೋಗುವವರೆಗೆ ಅವರ ಬೆನ್ನ ಮೇಲೆ ಕೈಯಿಟ್ಟು ಕೂರುತ್ತಿದ್ದಳು. 

ಸೈರಾಕಾನಳ ಗಂಡ ಶಾಮೆನ್ ಸಾಮೂಹಿಕ ಫಾರಮ್ಮಿನ ಕುದುರೆ ಮಂದೆ ಕಾಯುತ್ತಿದ್ದವನು. ಒಂದು ಬೇಸಿಗೆಯಲ್ಲಿ, ಸೊನ್-ಕುಲ್ ಸರೋವರದ ಮೇಲಿನ ಹುಲ್ಲುಗಾವಲಿನಲ್ಲಿ, ಗುಡ್ಡದ ನೆತ್ತಿಯ ಮೇಲೆ ಸಿಡಿಲು ಬಡಿದು ಏರಿದ್ದ ಕುದುರೆಯ ಸಮೇತ ಸತ್ತುಹೋದ. ಕಲೀಚಾಳಿಗೆ ಆಗ ಒಂಬತ್ತು ವರ್ಷ, ಮುಕಾಷ್ ಇನ್ನೂ ಮೊಲೆ ಬಿಟ್ಟಿರದ ಕೂಸು. ಗುಡಾರ ಬಿಚ್ಚಿಸಿ ಕೆಳಗೆ ಕಣಿವೆಯ ಊರು ಕೊಚ್ಕೋರಿಗೆ ಇಳಿದ ಸೈರಾಕಾನ್ ಮತ್ತೆ ಮೇಲೆ ಹತ್ತಲಿಲ್ಲ. ಜಡೆಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿಯನ್ನೆಲ್ಲ ಬಿಚ್ಚಿ ನಾದಿನಿಗೆ ಕೊಟ್ಟಳು. ಮದುವೆಯಲ್ಲಿ ಬಂದ, ಚಹಾದ ನೀರು ಕಾಯಿಸುವ ತಾಮ್ರದ ಸಮೊವರ್ ಯಾರ ಮನೆಗೋ ಹೋಯಿತು. ಮನೆಯಲ್ಲಿ ಉಳಿದದ್ದು ಮರದ ಚಮಚ, ಮರದ ಬೋಗುಣಿ. ಬಿಟ್ಟರೆ ಆಗದ ನಾಲ್ಕಾರು ಕಬ್ಬಿಣದ ಸಾಮಾನು. ದುಃಖಕ್ಕೆ ತಲೆ ಕೆಟ್ಟಿದೆ ಎಂದಿತು ಊರು. ಕಲೀಚಾ ಕೂಡ ಬೆಳೆಯುತ್ತ ಹಾಗೆಯೇ ಅಂದುಕೊಂಡಳು. ಮಕ್ಕಳು ತಾಯಿಯನ್ನು 'ಅಪಾ' ಎನ್ನುತ್ತಿದ್ದರು. ಅಪಾ, ನಿನಗೆ ಲೋಹ ಕಂಡರೆ ಯಾಕೆ ಇಷ್ಟು ಭಯ ಎಂದು ತಾಯಿಯನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ತಾಯಿಗೆ ಕೇಳಲಾಗದ್ದನ್ನು ಅವಳು ಪುಸ್ತಕಗಳಿಗೆ ಕೇಳಿದಳು. ಸಿಡಿಲು ಅಂದರೆ ಏನು? ಅದು ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ? ಕೇಳುತ್ತ ಕೇಳುತ್ತ ರಾಜಧಾನಿ ಫ್ರುಂಜೆ ನಗರದ ಶಿಕ್ಷಕರ ಕಾಲೇಜಿನ ಭೌತಶಾಸ್ತ್ರದ ತರಗತಿಯವರೆಗೆ ಬಂದುಬಿಟ್ಟಳು. ಅಲ್ಲಿ ಪಾಠ ಮಾಡುತ್ತಿದ್ದವಳು ಲಿದಿಯಾ ಮಕಾರೊವ್ನಾ ಎಂಬ ದಪ್ಪ ಕನ್ನಡಕದ ಹೆಂಗಸು. ಒಂದು ದಿನ ಆಕೆ ಗಾಜಿನ ಕಾಲಿನ ಮೇಲೆ ನಿಲ್ಲಿಸಿದ ಹಿತ್ತಾಳೆಯ ಗೋಳವೊಂದನ್ನು ತಂದು ಮೇಜಿನ ಮೇಲಿಟ್ಟಳು. ಒಳಗೆ ಟೊಳ್ಳು, ನೆತ್ತಿಯಲ್ಲಿ ಎರಡು ಬೆರಳು ಹೋಗುವಷ್ಟು ತೂತು. ಕೈಯಿಂದ ತಿರುಗಿಸುವ ಯಂತ್ರದಿಂದ ಗೋಳಕ್ಕೆ ವಿದ್ಯುತ್ತು ತುಂಬಿಸಿದಳು. ಗಾಜಿನ ಹಿಡಿಯ ತುದಿಗೆ ಸಿಕ್ಕಿಸಿದ್ದ ಪುಟ್ಟ ಗುಂಡೊಂದನ್ನು ಗೋಳದ ಹೊರಮೈಗೆ ತಾಗಿಸಿ, ಪಕ್ಕದ ಗಾಜಿನ ಬುರುಡೆಯ ಮೇಲಿನ ಗುಬುಟಿಗೆ ಮುಟ್ಟಿಸಿದಳು. ಬುರುಡೆಯೊಳಗೆ ತೂಗುತ್ತಿದ್ದ ಎರಡು ತೆಳ್ಳನೆಯ ರೇಕಿನ ಎಲೆಗಳು ಒಂದರಿಂದೊಂದು ದೂರ ಸರಿದವು. ವಿದ್ಯುತ್ತು ಇದೆ ಎಂದರ್ಥ. ಎಲೆಗಳನ್ನು ಮತ್ತೆ ಸೇರಿಸಿ, ಗುಂಡನ್ನು ಈ ಸಲ ತೂತಿನೊಳಗೆ ಇಳಿಸಿ, ಗೋಳದ ಒಳಮೈಗೆ ತಾಗಿಸಿ ತಂದು ಮುಟ್ಟಿಸಿದಳು. ಎಲೆಗಳು ಅಲುಗಲಿಲ್ಲ.

"ಒಂದನ್ನ ಕಂಡ್ರೆ ಒಂದಕ್ಕಾಗಲ್ಲ ಈ ವಿದ್ಯುತ್ತಿನ ಕಣಗಳಿಗೆ. ಎಷ್ಟು ದೂರ ಓಡೋಕಾಗುತ್ತೋ ಅಷ್ಟು ದೂರ ಓಡಿ, ಎಲ್ಲಾ ಹೊರಮೈಮೇಲೇ ನಿಂತ್ಕೋತವೆ. ಒಳಗೆ ಏನೂ ಇಲ್ಲ," ಎಂದಳು ಲಿದಿಯಾ ಮಕಾರೊವ್ನಾ.

ಕಲೀಚಾ ಎದ್ದು ನಿಂತಳು. "ಒಳಗೆ ನಟ್ಟನಡುವೆ ಇದ್ರೆ ಸರಿ. ಗೋಡೆ ಪಕ್ಕದಲ್ಲೇ ಇದ್ರೆ? ಹತ್ತಿರದವು ಜೋರಾಗಿ ತಳ್ಳಲ್ವಾ?"

"ತಳ್ತವೆ. ಆದ್ರೆ ಹತ್ತಿರ ಇರೋವು ಕೊಂಚ. ದೂರದವು ಮೆಲ್ಲಗೆ ತಳ್ತವೆ, ಅವು ಬೇಕಾದಷ್ಟಿವೆ. ಆ ಕಡೆಯ ತಳ್ಳಾಟ, ಈ ಕಡೆಯ ತಳ್ಳಾಟ ಸರಿಸಮ ಆಗೋಗುತ್ತೆ. ನೀನು ಒಳಗೆ ಎಲ್ಲಿ ಕೂತ್ರೂ ಅಷ್ಟೇ."

"ನಾನು ಅಂದ್ರೆ... ಮನುಷ್ಯರಿಗೂನಾ?"

ಆಕೆ ಕನ್ನಡಕದ ಮೇಲಿನಿಂದ ಒಂದು ಗಳಿಗೆ ಈ ಹಳ್ಳಿ ಹುಡುಗಿಯನ್ನು ನೋಡಿದಳು. ಮಾರನೆಯ ವಾರ ಪ್ರಯೋಗಶಾಲೆಯ ಮೂಲೆಯಲ್ಲಿದ್ದ ತಂತಿಬಲೆಯ ದೊಡ್ಡ ಪಂಜರದ ಧೂಳು ಒರೆಸಿ, ಕಲೀಚಾಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದಳು. ಹೊರಗಿನಿಂದ ಪಂಜರಕ್ಕೆ ಚಟಚಟನೆ ಕಿಡಿ ಹಾರಿದವು. ನೀಲಿ ಬೆಳಕು ಮುಖದ ಮುಂದೆಯೇ ಕುಣಿಯಿತು. ಕಲೀಚಾಳ ಒಂದು ಕೂದಲೂ ಮೇಲೇಳಲಿಲ್ಲ. ಹೊರಗೆ ಬಂದವಳ ಕಣ್ಣಲ್ಲಿ ಧಾರಾಕಾರ ನೀರು.

"ಅಯ್ಯೋ, ಎಲ್ಲಾದ್ರೂ ತಾಗ್ತೇನೇ?" ಆಕೆ ಗಾಬರಿಬಿದ್ದಳು.

"ಇಲ್ಲ," ಎಂದಳು ಕಲೀಚಾ, "ತಾಗ್ಲೇ ಇಲ್ಲ."

ಓದು ಮುಗಿಸಿ ಅವಳು ಕೊಚ್ಕೋರಿನ ಶಾಲೆಗೇ ಟೀಚರಾಗಿ ಬಂದಳು. ಅಕ್ಕಂದಿರನ್ನು ಕರೆಯುವ ಹಾಗೆ ಮಕ್ಕಳು ಅವಳನ್ನು 'ಎಜೆ' ಎಂದು ಕರೆದರು. ಶಾಲೆಯ ಕಪಾಟಿನಲ್ಲಿ ಕಿಡಿ ಹಾರಿಸುವ ಯಂತ್ರವಿತ್ತು, ರೇಕಿನ ಎಲೆಗಳ ಬುರುಡೆಯಿತ್ತು. ಗೋಳ ಇರಲಿಲ್ಲ. ಜಿಲ್ಲಾ ಕಚೇರಿಗೆ ಎರಡು ಸಲ ಬರೆದು ಬೇಸತ್ತು, ಕಡೆಗೆ ಟ್ರ್ಯಾಕ್ಟರ್ ರಿಪೇರಿ ಅಂಗಳಕ್ಕೆ ಹೋದಳು. ಅಲ್ಲಿ ಎಸೆನ್ ಎಂಬವನು ತಾಮ್ರ, ತಗಡಿನ ಕೆಲಸ ಮಾಡುತ್ತಿದ್ದ. ಅಗಲ ಭುಜದ, ಮಾತು ಕಡಿಮೆಯ ಆಳು. ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ.

"ನನಗೊಂದು ತಾಮ್ರದ ಗೋಳ ಬೇಕು. ಕುರಿ ತಲೆಯಷ್ಟು ದಪ್ಪ. ಒಳಗೆ ಟೊಳ್ಳು, ಮೇಲೊಂದು ತೂತು."

"ಒಳಗೇನು ತುಂಬ್ತೀರಿ ಟೀಚರ್?"

"ಏನೂ ಇಲ್ಲ."

ಎಸೆನ್ ಸುತ್ತಿಗೆ ಕೆಳಗಿಟ್ಟ. "ಏನೂ ತುಂಬದ ಪಾತ್ರೆಗೆ ಇಷ್ಟು ತಾಮ್ರಾನಾ?"

ಆದರೂ ಮಾಡಿದ. ಎರಡು ಬಟ್ಟಲು ಬಡಿದು, ಬಾಯಿಗೆ ಬಾಯಿ ಕೂಡಿಸಿ ಬೆಸೆದು ತಂದ. ಕಲೀಚಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಇದು ಗೋಳ ಅಲ್ಲ, ಬಾತುಕೋಳಿ ಮೊಟ್ಟೆ. ಬೆಸುಗೆ ಹತ್ರ ಏಣು ಬಿಟ್ಟಿದೀರಿ. ಎಲ್ಲಿ ಚೂಪಿದ್ಯೋ ಅಲ್ಲಿಂದ ವಿದ್ಯುತ್ತು ಸೋರಿಹೋಗುತ್ತೆ."

ಎಸೆನ್ ಮೊಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಮತ್ತೆ ತಂದ. ಮತ್ತೆ ಒಯ್ದ. ಕಡೆಯ ಸಲ ತಂದಾಗ ಬೆಸುಗೆ ಎಲ್ಲಿದೆ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಕಲೀಚಾಳ ಮುಖ ಅದರಲ್ಲಿ ಅಗಲವಾಗಿ, ಕೆಂಪಗೆ ಕಾಣುತ್ತಿತ್ತು. ಇಷ್ಟು ಬಡಿದಮೇಲೆ ಇದು ಯಾತಕ್ಕೆ ಎಂದು ನೋಡಿಯೇ ಹೋಗುತ್ತೇನೆ ಎಂದು ಅವನು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ. ಅವಳು ತೋರಿಸಿದಳು. ಹೊರಗೆ ಮುಟ್ಟಿಸಿದರೆ ಎಲೆ ಬಿಡಿಸಿಕೊಳ್ಳುತ್ತದೆ, ಒಳಗೆ ಮುಟ್ಟಿಸಿದರೆ ಇಲ್ಲ. ಆಮೇಲೆ ಇನ್ನೊಂದು: ವಿದ್ಯುತ್ತು ತುಂಬಿದ ಗುಂಡನ್ನು ಗೋಳದ ಒಳಮೈಗೆ ತಾಗಿಸಿ ತೆಗೆದರೆ ಗುಂಡು ಬರಿದಾಗಿ ಬರುತ್ತದೆ, ಅದರಲ್ಲಿ ಇದ್ದದ್ದೆಲ್ಲ ಗೋಳದ ಹೊರಮೈಗೆ ಹೋಗಿ ಸೇರಿರುತ್ತದೆ.

"ಇಷ್ಟೇನಾ?" ಎಂದ ಎಸೆನ್.

"ಇಷ್ಟೇ."

ಅವನು ಎದ್ದು ಗೋಳದ ಹತ್ತಿರ ಬಂದು ಹೇಳಿದ: "ಇನ್ನೊಂದ್ಸಲ ತೋರ್ಸಿ."

ಅಂದಿನಿಂದ ಅವನಿಗೆ ಗೋಳದ ಮೇಲೆ ಇನ್ನಿಲ್ಲದ ಕಾಳಜಿ ಶುರುವಾಯಿತು. ಮಕ್ಕಳು ಬೀಳಿಸಿ ನೆಗ್ಗಿಸಿರಬಹುದು, ಒಮ್ಮೆ ನೋಡಿ ಹೋಗೋಣ ಎಂದು ಬರುತ್ತಿದ್ದ. ಹಸಿರು ಕಟ್ಟಿರಬಹುದು, ಉಜ್ಜಿಕೊಡುತ್ತೇನೆ ಎಂದು ಬರುತ್ತಿದ್ದ. ಚಳಿಗಾಲ ಬರುವಷ್ಟರಲ್ಲಿ ಶಾಲೆಯ ಮಕ್ಕಳೆಲ್ಲ ಅವನನ್ನು ಕಂಡ ಕೂಡಲೇ, "ಎಜೆ, ಗೋಳದ ಡಾಕ್ಟ್ರು ಬಂದ್ರು!" ಎಂದು ಕೂಗುತ್ತಿದ್ದರು.

ಸೈರಾಕಾನಳಿಗೆ ಸುದ್ದಿ ಮುಟ್ಟಿದಾಗ ಅವಳು ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು.

"ಊರಲ್ಲಿ ಗಂಡುಗಳಿಗೆ ಬರ ಬಂದಿತ್ತಾ? ಕುರಿ ಕಾಯೋನಿಲ್ವಾ, ಪಾಠ ಹೇಳೋನಿಲ್ವಾ? ಹೋಗಿ ಹೋಗಿ ತಾಮ್ರ ಬಡಿಯೋನೇ ಬೇಕಿತ್ತಾ ನಿನಗೆ?"

"ಒಂದ್ಸಲ ನೋಡಪಾ ಅವನನ್ನ."

"ನೋಡೋದೇನು, ಮೈಯೆಲ್ಲ ತಗಡು ವಾಸನೆ ಹೊಡೀತಿರುತ್ತೆ."

ಎಸೆನ್ ಮನೆಗೆ ಬಂದ ದಿನ ಆಕಾಶದ ಮೂಲೆಯಲ್ಲೊಂದು ಮೋಡವಿತ್ತು. ಅವನು ಹೊಸ್ತಿಲ ಹೊರಗೆ ನಿಂತು ಜೇಬಿನ ಚಾಕು ತೆಗೆದಿಟ್ಟ. ಗಡಿಯಾರ ಬಿಚ್ಚಿಟ್ಟ. ಹಿತ್ತಾಳೆಯ ಕೊಂಡಿಯಿದ್ದ ಬೆಲ್ಟನ್ನೂ ಬಿಚ್ಚಿ ಸುತ್ತಿ ಅದರ ಪಕ್ಕದಲ್ಲಿಟ್ಟು, ಒಂದು ಕೈಯಲ್ಲಿ ಜಾರುವ ಪ್ಯಾಂಟನ್ನು ಹಿಡಿದುಕೊಂಡು, ಇನ್ನೊಂದು ಕೈಯನ್ನು ಎದೆಯ ಮೇಲಿಟ್ಟು ಬಾಗಿ ಒಳಗೆ ಬಂದ. ಸೈರಾಕಾನ್ ನೋಡಿದಳು. ತುಟಿ ಬಿಗಿಹಿಡಿದಳು. ಆಗದೆ, ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟಳು. ತಾಯಿ ಹಾಗೆ ಭುಜ ಅಲುಗಿಸಿ ನಗುವುದನ್ನು ಕಲೀಚಾ ನೋಡಿ ಎಷ್ಟು ಕಾಲವಾಗಿತ್ತೋ.

"ಕೂತ್ಕೋ ಮಗನೇ, ಕೂತ್ಕೋ. ನಿಂತ್ರೆ ಮಾನ ಹೋಗುತ್ತೆ," ಎಂದಳು.

ಮದುವೆಯಾಯಿತು. ಒಂದೇ ಓಣಿಯಲ್ಲಿ ಮನೆ ಮಾಡಿದರು. ಮೋಡ ಕಟ್ಟಿದಾಗ ಅತ್ತೆಯ ಕಡಾಯಿಯನ್ನು ಕಾಲುವೆಯಾಚೆ ಹೊತ್ತು ಹಾಕುವ ಕೆಲಸ ಈಗ ಎಸೆನನದಾಯಿತು. ಅವನು ಒಮ್ಮೆಯೂ ಗೊಣಗಲಿಲ್ಲ, ಒಮ್ಮೆಯೂ ಬುದ್ಧಿ ಹೇಳಲಿಲ್ಲ.

ಅಷ್ಟರಲ್ಲಿ ಮುಕಾಷ್ ಅಪ್ಪನಂತೆಯೇ ಫಾರಮ್ಮಿನ ಮಂದೆಯ ಕೆಲಸಕ್ಕೆ, ಕುರಿ ಕಾಯಲು, ಸೇರಿದ್ದ. ಫಾರಂನವರು ಅವನಿಗೆ ಮೇಲಿನ ಹುಲ್ಲುಗಾವಲಿಗೆಂದು ಗಾಲಿಯ ಮೇಲೆ ನಿಂತ ಒಂದು ತಗಡಿನ ಬಂಡಿಮನೆ ಕೊಟ್ಟರು. ರೈಲುಡಬ್ಬಿಯ ಹಾಗೆ ಉದ್ದ. ನೆಲ, ಗೋಡೆ, ಸೂರು ಎಲ್ಲಕ್ಕೂ ಕಬ್ಬಿಣದ ಹಾಳೆ. ಒಳಗೆ ಹಲಗೆ, ಒಂದು ಒಲೆ, ಅಂಗೈಯಗಲದ ಎರಡು ಕಿಟಕಿ. ಮುಕಾಷ್‌ನ ಹೆಂಡತಿ ಜಿಪಾರ್ ಆ ವರ್ಷ ಗಂಡುಮಗು ಹೆತ್ತು, ಕೂಸನ್ನು ಎದೆಗೆ ಕಟ್ಟಿಕೊಂಡು ಮೇಲೆ ಹೋದಳು. ಮಗುವಿನ ನಲವತ್ತನೆಯ ದಿನ ಹತ್ತಿರ ಬಂತು. ಅಂದು ಪದ್ಧತಿಯಂತೆ ನಲವತ್ತು ಚಮಚ ನೀರಿನ ಸ್ನಾನ ಮಾಡಿಸಬೇಕಾದ ಅಜ್ಜಿ ಸೈರಾಕಾನ್ ಮಾತ್ರ ಕೊಚ್ಕೋರಿನಲ್ಲಿ ಕೂತಿದ್ದಳು.

"ಅವರೇ ಕೆಳಗೆ ಬರ್ಲಿ," ಎಂದಳು ಸೈರಾಕಾನ್.

"ಮಂದೆ ಬಿಟ್ಟು ಹ್ಯಾಗೆ ಬರ್ತಾರಪಾ? ನೀನೇ ಹೋಗ್ಬೇಕು. ನಾವೂ ಬರ್ತೀವಿ," ಎಂದಳು ಕಲೀಚಾ.

ಎರಡು ದಿನ ಯಾರಾದರೂ ಆ ಮಾತೆತ್ತಿದರೆ ಸೈರಾಕಾನ್ ಎದ್ದು ಹೊರಗೆ ಹೋದಳು. ಮೂರನೆಯ ದಿನ ಬೆಳಿಗ್ಗೆ ಮರದ ಚಮಚವೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಸೆನ್ ಫಾರಂನ ಲಾರಿ ತಂದ. ಸೈರಾಕಾನ್ ಲಾರಿಯ ಮುಂಭಾಗದ ತಗಡಿನ ಗೂಡಿನೊಳಗೆ ಕೂರಲು ಒಪ್ಪದೆ, ಹಿಂದೆ ಉಣ್ಣೆಯ ಮೂಟೆಗಳ ಮೇಲೆ ಕೂತು, ಕಣಿವೆಯ ಅಷ್ಟೂ ತಿರುವುಗಳನ್ನು ಕಣ್ಣು ಮುಚ್ಚಿಕೊಂಡೇ ಏರಿದಳು. ಮೇಲೆ ತಲುಪಿ ಸರೋವರದ ನೀಲಿ ಕಂಡಾಗ ಕಣ್ಣು ತೆರೆದಳು. ಬಂಡಿಮನೆಗೆ ಕಾಲಿಡಲಿಲ್ಲ. ಅವಳಿಗಾಗಿ ಮುಕಾಷ್ ಹಳೆಯ ಕಂಬಳಿ ಗುಡಾರ ನಿಲ್ಲಿಸಿದ. ಮಗುವಿನ ಸ್ನಾನ ಅಲ್ಲೇ ಆಯಿತು. ನೀರು ಬಿದ್ದಾಗಲೆಲ್ಲ ಕೂಸು ಸೀನಿತು. ಸೈರಾಕಾನ್ ಪ್ರತಿ ಚಮಚಕ್ಕೂ ಒಂದೊಂದು ಹಾರೈಕೆ ಹೇಳುತ್ತ, ಮಧ್ಯೆ ಮಧ್ಯೆ ಸೊಸೆಗೆ ಬಯ್ಯುತ್ತ, ಮೈ ಒರೆಸಿ ಬೆಣ್ಣೆ ಸವರಿದಳು.

ಕಲೀಚಾ ಬರುವಾಗ ಶಾಲೆಯ ಗೋಳ, ಯಂತ್ರ, ಬುರುಡೆ ಎಲ್ಲವನ್ನೂ ಹಾಸಿಗೆಗಳ ನಡುವೆ ಇಟ್ಟು ತಂದಿದ್ದಳು. ಮಾರನೆಯ ದಿನ ಬೆಳಿಗ್ಗೆ, ಬಿಸಿಲು ಕಾಯ್ದು ಗಾಳಿ ಒಣಗಿದ ಮೇಲೆ, ಹುಲ್ಲಿನ ಮೇಲೆ ಹಲಗೆ ಹಾಸಿ ತಾಯಿಯನ್ನು ಕೂರಿಸಿದಳು. ವರ್ಷಗಟ್ಟಲೆ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಪಾಠ. ಹೊರಗೆ ಮುಟ್ಟಿಸಿದಳು, ಒಳಗೆ ಮುಟ್ಟಿಸಿದಳು. ಮುಕಾಷ್, ಜಿಪಾರ್ ಬಾಯಿ ತೆರೆದು ನೋಡಿದರು.

"ನೋಡಪಾ. ಲೋಹ ಸುತ್ತಲೂ ಇದ್ರೆ, ಒಳಗೆ ಏನೂ ಬರಲ್ಲ. ಎಲ್ಲಾ ಹೊರಗೇ ನಿಂತ್ಕೊಳ್ಳುತ್ತೆ. ಈ ಬಂಡಿಮನೇನೂ ಹಾಗೇನೆ."

"ಅದು ದುಂಡಗಿದೆ. ಇದು ಪೆಟ್ಟಿಗೆ," ಎಂದಳು ತಾಯಿ.

"ಪೆಟ್ಟಿಗೆ ಆದ್ರೂ ಅಷ್ಟೇ. ವಿದ್ಯುತ್ತಿನ ಕಣಗಳು ತಮಗೆ ತಾವೇ ಹೊಂದಿಸ್ಕೋತವೆ. ಮೂಲೆಗಳಲ್ಲಿ ಹೆಚ್ಚು, ಚಪ್ಪಟೆ ಜಾಗದಲ್ಲಿ ಕಮ್ಮಿ. ಒಳಗೆ ಮಾತ್ರ ಏನೂ ಇಲ್ಲ."

ಸೈರಾಕಾನ್ ಗೋಳವನ್ನು ನೋಡಿದಳು, ಅಳಿಯನನ್ನು ನೋಡಿದಳು. "ಚೆನ್ನಾಗಿ ಮಾಡಿದಾನೆ. ಆಟದ ಸಾಮಾನು ಮಗಳೇ ಇದು. ಆಕಾಶ ಆಟದ ಸಾಮಾನಲ್ಲ," ಎಂದು ಎದ್ದು ಗುಡಾರದೊಳಗೆ ಹೋದಳು.

ಕಲೀಚಾ ಸಾಮಾನನ್ನೆಲ್ಲ ಪೆಟ್ಟಿಗೆಗೆ ತುಂಬಿದಳು. ಊಟವಾದ ಮೇಲೆ ಎಸೆನ್ ಮತ್ತು ಮುಕಾಷ್ ಸೌದೆ ತರಲೆಂದು ಲಾರಿ ಹತ್ತಿ ಸರೋವರದ ಆಚೆ ದಡಕ್ಕೆ ಹೋದರು.

ಮೋಡ ಬಂದದ್ದು ಅವರು ಹೋದ ಮೇಲೆ. ಗುಡ್ಡದ ಹಿಂದಿನಿಂದ ಸೀಸದ ಬಣ್ಣದ ಗೋಡೆಯೊಂದು ಎದ್ದು ನೋಡನೋಡುತ್ತಲೇ ಬಿಸಿಲನ್ನು ನುಂಗಿತು. ಕುರಿಗಳು ಒಂದಕ್ಕೊಂದು ತಲೆ ತೂರಿಸಿ ನಿಂತವು. ಜಿಪಾರ್ ಕೂಸನ್ನೆತ್ತಿಕೊಂಡು ಬಂಡಿಮನೆಗೆ ಓಡಿ, ಬಾಗಿಲಲ್ಲಿ ನಿಂತು, "ಎಜೆ! ಅಪಾನ್ನ ಕರ್ಕೊಂಡ್ ಬಾ!" ಎಂದು ಕೂಗಿದಳು. ಕಲೀಚಾ ಗುಡಾರಕ್ಕೆ ನುಗ್ಗಿದಳು. ಅಪಾ ಆಗಲೇ ಕೆಟಲ್ಲು, ಚಾಕು, ಒಲೆಯ ಚಿಮಟ ಎಲ್ಲವನ್ನೂ ಹೊರಗೆಸೆದು, ಕಂಬಳಿ ಹೊದ್ದು ಗುಡಾರದ ನಡುವೆ ಮುದುರಿಕೊಂಡಿದ್ದಳು.

"ಏಳಪಾ, ಹೋಗೋಣ."

"ನೀನು ಹೋಗು. ಆ ಕಬ್ಬಿಣದ ಗೂಡಿಗೆ ನಾನು ಬರಲ್ಲ. ಸತ್ರೂ ಬರಲ್ಲ."

ಆಲಿಕಲ್ಲು ಗುಡಾರದ ಮೇಲೆ ಬೀಳತೊಡಗಿತು. ಗುಡಾರದ ನೆತ್ತಿಯಲ್ಲಿ ಜೇನ್ನೊಣ ಗುಂಯ್‌ಗುಟ್ಟಿದಂಥ ಸದ್ದು. ಕಲೀಚಾ ನೋಡುತ್ತಿದ್ದಂತೆ ಕಂಬಳಿಯಿಂದ ಹೊರಬಿದ್ದಿದ್ದ ತಾಯಿಯ ನರೆಗೂದಲಿನ ಎಳೆಗಳು ಮೆಲ್ಲನೆ ಮೇಲೆದ್ದು ನಿಂತವು. ಸಿಡಿಲು ಇನ್ನೇನು ಇಲ್ಲೇ ಇಳಿಯಲಿದೆ ಎಂಬುದರ ಗುರುತು ಅದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ವಿವರಿಸಲು ಬಾಯಿ ತೆರೆದಳು. ಆಮೇಲೆ ಅದನ್ನು ಬಿಟ್ಟು, ತಾಯಿಯ ಪಕ್ಕದಲ್ಲಿ ಹೋಗಿ ಕೂತುಬಿಟ್ಟಳು.

"ಇದೇನೇ ಮಾಡ್ತಿದೀಯ?"

"ಕೂತ್ಕೊಂಡಿದೀನಿ. ನೀನು ಬರಲ್ಲ ಅಂದ್ರೆ ನಾನೂ ಹೋಗಲ್ಲ."

"ಹೋಗೇ! ನಿನಗಲ್ಲಿ ಭಯ ಇಲ್ವಲ್ಲ, ಹೋಗು!"

"ಇಲ್ಲಿದೆ ನನ್ನ ಭಯ. ನಿನ್ನನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?"

ಸೈರಾಕಾನ್ ಕಂಬಳಿ ಸರಿಸಿ ಮಗಳ ಮುಖ ನೋಡಿದಳು. ಅವಳ ಕಣ್ಣು ಮಗಳ ಹೊಟ್ಟೆಯ ಮೇಲೆ ಇಳಿಯಿತು. ಕಲೀಚಾ ಆ ಮಾತನ್ನು ಎಸೆನ್‌ಗೆ ಕೂಡ ಇನ್ನೂ ಹೇಳಿರಲಿಲ್ಲ.

"ಹೊಟ್ಟೇಲಿ ಜೀವ ಇಟ್ಕೊಂಡು ಇಲ್ಲಿ ಕೂತ್ಕೋತಾಳಂತೆ! ಓದಿದೋಳಂತೆ! ಏಳೇ, ಏಳು!" ಎನ್ನುತ್ತ ಅವಳೇ ಮೊದಲು ಎದ್ದಳು. ಮಗಳ ರಟ್ಟೆ ಹಿಡಿದು, ಕಂಬಳಿಯನ್ನು ಇಬ್ಬರ ತಲೆಯ ಮೇಲೆ ಎಳೆದುಕೊಂಡು, ಆಲಿಕಲ್ಲಿನ ಮೇಲೆ ಜಾರುತ್ತ ಬಯ್ಯುತ್ತ ಓಡಿದಳು. ಬಂಡಿಮನೆಯ ಮೆಟ್ಟಿಲ ಬಳಿ ಒಂದೇ ಒಂದು ಕ್ಷಣ ನಿಂತಳು. ಆಮೇಲೆ ಮಗಳನ್ನು ಒಳಗೆ ತಳ್ಳಿ, ತಾನೂ ಹತ್ತಿದಳು.

ಕಲೀಚಾ ಬಾಗಿಲು ಭದ್ರವಾಗಿ ಮುಚ್ಚಿದಳು. ಒಲೆಯಿಂದ, ಗೋಡೆಯಿಂದ ದೂರ, ನಡುವೆ ಹಾಸಿದ ಕಂಬಳಿಯ ಮೇಲೆ ಮೂವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಕೂಸು ನಡುವೆ. ತಗಡಿನ ಸೂರಿನ ಮೇಲೆ ಆಲಿಕಲ್ಲಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಸೈರಾಕಾನ್ ಕಣ್ಣು ಮುಚ್ಚಿ, ಒಂದು ಕೈ ಮೊಮ್ಮಗನ ಮೇಲೆ, ಇನ್ನೊಂದು ಮಗಳ ಬೆನ್ನಿನ ಮೇಲೆ ಇಟ್ಟಿದ್ದಳು.

ಆಗ ಬಡಿಯಿತು. ಎರಡೂ ಕಿಟಕಿಗಳು ಒಮ್ಮೆಗೇ ಬೆಳ್ಳಗಾದವು. ಅದೇ ಗಳಿಗೆಯಲ್ಲಿ ಆಕಾಶವೇ ಕಡಾಯಿಯಾಗಿ ಒಡೆದಂಥ ಶಬ್ದ. ಬಂಡಿ ನಡುಗಿತು. ಸುಟ್ಟ ಬಣ್ಣದ ವಾಸನೆ ಬಂತು. ಆಮೇಲೆ ಕಿವಿಯೊಳಗೆ ಬರೀ ಗುಂಯ್ ಎನ್ನುವ ಮೌನ, ಆ ಮೌನದೊಳಗಿಂದ ಮೆಲ್ಲನೆ ಕೂಸಿನ ಅಳು.

ಸೈರಾಕಾನ್ ಕಣ್ಣು ತೆರೆದಳು. ಕೂಸಿನ ಬಟ್ಟೆ ಬಿಚ್ಚಿ ಕೈಕಾಲು ನೋಡಿದಳು. ಜಿಪಾರಳ ಮುಖ ಹಿಡಿದು ಈ ಕಡೆ ಆ ಕಡೆ ತಿರುಗಿಸಿದಳು. ಕಲೀಚಾಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಕಡೆಗೆ ತನ್ನ ಕೈಗಳನ್ನೇ ಮಗುಚಿ ಮಗುಚಿ ನೋಡಿಕೊಂಡಳು.

"ಇಲ್ಲೇ ಬಿತ್ತಲ್ವಾ? ನಮ್ಮ ಮೇಲೇನೇ?"

"ಹೂಂ ಅಪಾ. ನಮ್ಮ ಮೇಲೇನೇ."

ಮಳೆ ನಿಲ್ಲುವವರೆಗೆ ಅಲ್ಲೇ ಕೂತಿದ್ದರು. ಹೊರಗೆ ಬಂದು ನೋಡಿದರೆ ಸೂರಿನ ಅಂಚಿನಲ್ಲಿ ಅಂಗೈಯಗಲ ಬಣ್ಣ ಸುಟ್ಟು ಕಪ್ಪಾಗಿತ್ತು, ಗಾಲಿಯ ಬುಡದ ಹುಲ್ಲು ಕರಕಲಾಗಿತ್ತು. ಗುಡಾರದ ಮೇಲ್ಹೊದಿಕೆಯನ್ನು ಆಲಿಕಲ್ಲು ಹರಿದುಹಾಕಿತ್ತು. ಮಬ್ಬಿನಲ್ಲಿ ಲಾರಿ ಏದುಸಿರು ಬಿಡುತ್ತ ಬಂತು. ಎಸೆನ್ ಅದು ನಿಲ್ಲುವ ಮೊದಲೇ ಕೆಳಗೆ ಹಾರಿ, ಮಂಜಿನಂಥ ಆಲಿಕಲ್ಲಿನ ಮೇಲೆ ಎರಡು ಸಲ ಬಿದ್ದು ಎದ್ದು ಬಂದ. ಅವನೂ ಮುಕಾಷನೂ ಲಾರಿಯ ಗೂಡಿನೊಳಗೇ ಕೂತು ಮಳೆ ಕಳೆದಿದ್ದರು.

"ಎಲ್ರೂ ಇದೀವಿ. ಇರೋರಿಗಿಂತ ಒಬ್ರು ಹೆಚ್ಚೇ ಇದೀವಿ. ನಿನ್ನ ಹೆಂಡ್ತೀನ ಕೇಳು," ಎಂದಳು ಸೈರಾಕಾನ್. ಎಸೆನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಒದ್ದೆ ಟೋಪಿ ತೆಗೆದು, ಹಿಂಡಿ, ಮತ್ತೆ ಹಾಕಿಕೊಂಡ.

ಆ ಸಂಜೆ ಗಂಡಸರು ಚದುರಿದ ಕುರಿಗಳನ್ನು ಕೂಡಿಸಲು ಹೋಗಿದ್ದಾಗ, ತಾಯಿ ಮಗಳು ಬಂಡಿಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಸೈರಾಕಾನ್ ಗುಡ್ಡದ ನೆತ್ತಿಯನ್ನು ನೋಡುತ್ತ, ಯಾರಿಗೋ ಹೇಳುವವಳ ಹಾಗೆ ಮೆಲ್ಲಗೆ ಶುರುಮಾಡಿದಳು.

"ಆವತ್ತು ನಿಮ್ಮಪ್ಪ ಊಟ ಮಾಡಿ ಮಲಗಿದ್ದ. ಹೆಣ್ಣುಕುದುರೆಗಳು ಮೇಲೆ ಹೋಗಿದಾವೆ, ಹಾಲು ಕರಕೊಂಡು ಬಾ ಅಂತ ನಾನೇ ಎಬ್ಬಿಸ್ದೆ. ಚರ್ಮದ ಚೀಲ ಒಯ್ತೀನಿ ಅಂದ. ಚೀಲ ತೊಳೆದಿಲ್ಲ, ಬಕೆಟ್ ತಗೊಂಡ್ ಹೋಗು ಅಂದೆ. ಹೊಸ ತಗಡಿನ ಬಕೆಟ್ಟು. ಥಳಥಳ ಹೊಳೀತಿತ್ತು. ಅವನನ್ನ ಕೆಳಗೆ ತಂದಾಗ ಆ ಬಕೆಟ್ಟಿನ ಹಿಡಿ ಅವನ ಕೈಯಲ್ಲೇ ಇತ್ತು."

ಕಲೀಚಾಳಿಗೆ, ತಾವು ಇಷ್ಟು ವರ್ಷ ಕಾಲುವೆಯಾಚೆ ಹೊತ್ತು ಹಾಕಿದ್ದು ಏನನ್ನು ಎಂದು ಈಗ ತಿಳಿಯಿತು.

"ಬಕೆಟ್ಟಿನಿಂದ ಅಲ್ಲ ಅಪಾ," ಎಂದಳು. ಅವಳ ದನಿ ತರಗತಿಯ ದನಿಯಾಗಿರಲಿಲ್ಲ. "ಬೋಳು ಗುಡ್ಡ. ನೆತ್ತಿಮೇಲೆ ಕುದುರೆ ಮೇಲೆ ಕೂತಿದ್ದೋನು ಅವನೊಬ್ನೇ. ಮೋಡಕ್ಕೆ ಎಲ್ಲಕ್ಕಿಂತ ಹತ್ತಿರ ಇದ್ದೋನು ಅವನೇ. ಚರ್ಮದ ಚೀಲ ಹಿಡಿದಿದ್ರೂ ಅಷ್ಟೇ. ಬರೀ ಕೈಲಿ ಹೋಗಿದ್ರೂ ಅಷ್ಟೇ. ನಿನ್ನ ಬಕೆಟ್ಟು ಏನೂ ಮಾಡ್ಲಿಲ್ಲ."

"ನಿಜ ಹೇಳ್ತಿದೀಯಾ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?"

"ನಿಜ ಅಪಾ. ನನ್ನ ಮಕ್ಕಳಿಗೆ ಶಾಲೇಲಿ ಇದನ್ನೇ ಹೇಳ್ಕೊಡ್ತೀನಿ."

ಸೈರಾಕಾನ್ ಮತ್ತೆ ಗುಡ್ಡದ ನೆತ್ತಿಯ ಕಡೆ ತಿರುಗಿದಳು. "ಎಬ್ಬಿಸಿ ಕಳಿಸಿದ್ದು ನಾನೇ ಅಲ್ವಾ," ಎಂದಳು.

 ಕಲೀಚಾ ತಾಯಿಯ ಹೆಗಲಿಗೆ ತಲೆಯಿಟ್ಟಳು. "ಹಾಲು ಕರೆಯೋ ಹೊತ್ತಿಗೆ ಯಾವ ಮನೇಲಿ ಎಬ್ಬಿಸಲ್ಲ ಹೇಳು? ನಾಳೆ ಜಿಪಾರ್ ಮುಕಾಷ್‌ನ ಎಬ್ಬಿಸ್ತಾಳೆ. ಅವಳ ತಪ್ಪಾ ಅದು?"

"ಅವನೋ, ಒದ್ದರೂ ಏಳಲ್ಲ," ಎಂದಳು ಸೈರಾಕಾನ್ ಮೂಗೊರೆಸಿಕೊಳ್ಳುತ್ತ. ಆಮೇಲೆ ಅತ್ತಳು. ಸದ್ದಿಲ್ಲದೆ, ಬಹಳ ಹೊತ್ತು. ಜಿಪಾರ್ ತಗಡಿನ ಲೋಟದಲ್ಲಿ ಚಹಾ ತಂದುಕೊಟ್ಟಾಗ, ದೂರದಲ್ಲಿ ಇನ್ನೂ ಗುಡುಗುತ್ತಿದ್ದರೂ, ಎರಡೂ ಕೈಯಲ್ಲಿ ಹಿಡಿದು ಕುಡಿದಳು.

ಆಮೇಲಿನ ಬೇಸಿಗೆಗಳಲ್ಲೆಲ್ಲ ಅವಳು ಮಗನ ಜೊತೆ ಮೇಲೆ ಹೋದಳು. ಮರದ ಚಮಚ ಬಿಡಲಿಲ್ಲ. ಅದರ ರುಚಿಯೇ ಬೇರೆ ಎಂದಳು. ಭೌತಶಾಸ್ತ್ರವೂ ಅವಳಿಗೆ ಕಡೆಯವರೆಗೆ ಪೂರ್ತಿ ತಲೆಗೆ ಹೋಗಲಿಲ್ಲ. ಹುಲ್ಲುಗಾವಲಿನ ಮುದುಕಿಯರಿಗೆ, "ನನ್ನ ಮಗಳು ಓದಿದಾಳೆ ನೋಡು, ಸಿಡಿಲು ಕಬ್ಬಿಣದ ಮನೆಯೊಳಗೆ ಬರಕೂಡದು ಅಂತ ಮಾಡಿದಾಳೆ," ಎಂದು ಹೇಳಿಕೊಂಡು ತಿರುಗಿದಳು. ಕಲೀಚಾ ತಿದ್ದಲು ಹೋಗಲಿಲ್ಲ. ಗುಡುಗಿದಾಗ ಸುತ್ತಮುತ್ತಲ ಗುಡಾರಗಳ ಹೆಂಗಸರು, ಮಕ್ಕಳು ಮುಕಾಷ್‌ನ ಬಂಡಿಮನೆಗೆ ಬಂದು ತುಂಬಿಕೊಳ್ಳುವುದು ರೂಢಿಯಾಯಿತು. ಒಳಗೆ ಉಸಿರಾಡಲು ಜಾಗವಿಲ್ಲದಿದ್ದರೂ ಸೈರಾಕಾನ್ ಬಾಗಿಲಲ್ಲಿ ನಿಂತು ಇನ್ನಷ್ಟು ಜನರನ್ನು ಕರೆಯುತ್ತಿದ್ದಳು. ವಯಸ್ಸಾಗಿ, ಒಂದು ಚಳಿಗಾಲದಲ್ಲಿ, ಕೊಚ್ಕೋರಿನ ತನ್ನ ಮನೆಯಲ್ಲಿ ನಿದ್ದೆಯಲ್ಲೇ ಹೋದಳು.

ಕಲೀಚಾಳಿಗೆ ಹೆಣ್ಣುಮಗು ಹುಟ್ಟಿತು, ಆಮೇಲೆ ಇನ್ನೊಂದು. ದೊಡ್ಡ ದೇಶ ಒಡೆದು ಬೇರೆ ದೇಶವಾಯಿತು, ಫ್ರುಂಜೆಗೆ ಬೇರೆ ಹೆಸರು ಬಂತು, ಶಾಲೆಗೆ ತಿಂಗಳುಗಟ್ಟಲೆ ಕರೆಂಟು ಇರುತ್ತಿರಲಿಲ್ಲ. ಅವಳ ಯಂತ್ರ ಕೈಯಿಂದ ತಿರುಗಿಸುವಂಥದ್ದು, ಪಾಠ ನಿಲ್ಲಲಿಲ್ಲ. ನಮ್ಮ ಕೊಚ್ಕೋರಿನಲ್ಲಿ ಅವಳ ಕೈಯಲ್ಲಿ ಓದದವರ ಮನೆಯೇ ಇಲ್ಲ.

ಈಗ ಅವಳು ನಿವೃತ್ತಳು. ಮನೆಯ ಹಿಂದೆ ಆಲೂಗಡ್ಡೆ, ರಾಸ್ಬೆರಿ ಬೆಳೆಯುತ್ತಾಳೆ. ಜೀವಮಾನವೆಲ್ಲ ತಾಮ್ರ ಬಡಿದ ಎಸೆನ್‌ಗೆ ಕಿವಿ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಬೆಳಗಿನ ಚಹಾದ ಹೊತ್ತಿಗೆ ಅವಳು ಪೇಪರಿನ ಸುದ್ದಿಯನ್ನೆಲ್ಲ ಅವನ ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಓಣಿಯವರು ಪೇಪರು ತರಿಸುವುದನ್ನು ಬಿಟ್ಟಿದ್ದಾರೆ. ಒಮ್ಮೊಮ್ಮೆ ಆಚೆಮನೆಯಿಂದ ಯಾರಾದರೂ, "ಎಜೆ, ಹವಾಮಾನ ಓದ್ಲೇ ಇಲ್ವಲ್ಲ!" ಎಂದು ಕೂಗುತ್ತಾರೆ. ಅವಳು ಕನ್ನಡಕ ಸರಿಮಾಡಿಕೊಂಡು ಅದನ್ನೂ ಓದುತ್ತಾಳೆ. ಎಸೆನ್ ತಲೆಯಾಡಿಸುತ್ತಾನೆ, ಅರ್ಧ ಕೇಳಿಸಿರುವುದಿಲ್ಲ. "ಇನ್ನೊಂದ್ಲೋಟ ಹಾಕ್ಲಾ?" ಎಂದು ಎದ್ದು ಕೆಟಲ್ಲಿಗೆ ಕೈ ಹಾಕುತ್ತಾನೆ.